ಮುಖ ನೋಡಿ ಮಣೆ ಹಾಕುವ ಮುನ್ನ ಪಾದ ನೋಡಿ

ಆ ಫೋಟೊ ನನ್ನ ಮೊಬೈಲಿಗೆ ಬಂದದ್ದು ಬೆಳಗಿನ ಆರೂವರೆಗೆ. ನಮ್ಮ ಕಂಪನಿ ಎರಡು ವರ್ಷಕ್ಕೆ ಕರಾರು ಮಾಡಿಕೊಂಡಿದ್ದ ಓಟಗಾರ ಅಭ್ಯಾಸದ ಟ್ರ್ಯಾಕಿನಲ್ಲಿ ಬಗ್ಗಿ ಲೇಸು ಬಿಗಿದುಕೊಳ್ಳುತ್ತಿದ್ದಾನೆ. ಕಾಲಲ್ಲಿರುವುದು ನಮ್ಮ ಶೂ ಅಲ್ಲ, ಎದುರಾಳಿ ಕಂಪನಿಯದು. ಅದರ ಲಾಂಛನ ಕಾಣದಂತೆ ಕರಿ ಟೇಪು ಅಂಟಿಸಿಕೊಂಡಿದ್ದಾನೆ. ಯಾರೋ ಅಭಿಮಾನಿ ದೂರದಿಂದ ಹೊಡೆದ ಚಿತ್ರ, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಇತ್ತು. ನಾನು ಫೋನ್ ಮಾಡಿದಾಗ ಹುಡುಗ ಸುಳ್ಳು ಹೇಳಲಿಲ್ಲ. "ಅಕ್ಕಾ, ನಿಮ್ಮ ಶೂ ಕಿರುಬೆರಳ ಹತ್ರ ಕಚ್ಚುತ್ತೆ. ಫೋಟೊಗೆ ಹಾಕ್ಕೋತೀನಿ, ಓಡೋಕೆ ಆಗಲ್ಲ."

ಕರಾರಿಗೆ ಮುಂಚೆ ಅವನ ಪದಕ ಎಣಿಸಿದ್ದೆವು, ಫಾಲೋವರ್‌ಗಳನ್ನು ಎಣಿಸಿದ್ದೆವು, ಅವನ ನಗು ಕ್ಯಾಮೆರಾದಲ್ಲಿ ಹೇಗೆ ಕಾಣುತ್ತದೆ ಎಂದು ನಾಲ್ಕು ಜನ ಕೂತು ನೋಡಿದ್ದೆವು. ಪಾದ ಅಳೆದವರು ಒಬ್ಬರೂ ಇಲ್ಲ. ಅವನ ಪಾದ ಬೆರಳ ಕಡೆ ಅಗಲ, ನಮ್ಮ ಶೂ ಅಚ್ಚು ಕಿರಿದು. ಅಷ್ಟೇ ಕತೆ.

ಅದಾದ ಮೇಲೆ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ. ಕ್ರೀಡಾ ಶೂಗೆ ಹೊಂದುವ ತಾರೆಯನ್ನು ಹುಡುಕುವುದು, ಕರಾರು ಬರೆಸುವುದು, ಎಡವಟ್ಟಾದಾಗ ಮೇಲಿನವರಿಂದ ಬೈಸಿಕೊಳ್ಳುವುದು. ಹೊಸದಾಗಿ ಶೂ ಮಾಡಲು ಹೊರಟವರು ನನ್ನ ಹತ್ತಿರ ಬಂದು ಕೇಳುವುದು ಎರಡೇ: ಯಾರನ್ನು ಹಿಡಿಯೋಣ, ಎಷ್ಟು ಕೊಡೋಣ? ಎರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು.

ಮೊದಲು ನಿಮಗೆ ಬೇಕಾದದ್ದು ಏನೆಂದು ಖಚಿತ ಮಾಡಿಕೊಳ್ಳಿ. ಸುಮ್ಮನೆ ಶೂ ಕೊಟ್ಟು ಹಾಕಿಸುವುದು ಒಂದು ಬಗೆ. ಹಣ ಕೊಟ್ಟು "ಇದನ್ನೇ ಹಾಕಬೇಕು" ಎಂದು ಕರಾರು ಮಾಡುವುದು ಇನ್ನೊಂದು. ಆಟಗಾರನ ಹೆಸರಲ್ಲೇ ಶೂ ತರುವುದು ಮೂರನೆಯದು, ಅದನ್ನು ಸಿಗ್ನೇಚರ್ ಶೂ ಅನ್ನುತ್ತಾರೆ. ಹೊಸ ಕಂಪನಿಯವರು ಮೂರನೆಯದಕ್ಕೇ ಆಸೆಪಡುತ್ತಾರೆ. ಮೊದಲನೆಯದರ ಬಲ ಅವರಿಗೆ ತಿಳಿಯದು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದಾಗ ಜರ್ಮನಿಯ ಶೂ ತಯಾರಕ ಆಡಿ ಡ್ಯಾಸ್ಲರ್ ತನ್ನ ಕಾರ್ಖಾನೆಯ ಸ್ಪೈಕ್ ಶೂಗಳನ್ನು ಅವರಿಗೆ ತಲುಪಿಸಿದ್ದರು. ಡ್ಯಾಸ್ಲರ್ ಕಂಪನಿಗೆ ಅಡಿಡಾಸ್ ಎಂಬ ಹೆಸರು ಹುಟ್ಟಲು ಇನ್ನೂ ಹದಿಮೂರು ವರ್ಷ ಇತ್ತು.

ಇನ್ನು ಪಾದದ ವಿಷಯ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಅಳತೆಯನ್ನು ಸಂಜೆ, ಅಭ್ಯಾಸ ಮುಗಿದ ಮೇಲೆ ತೆಗೆದುಕೊಳ್ಳಿ. ದಿನವಿಡೀ ನಿಂತು ಓಡಿದ ಪಾದ ಸ್ವಲ್ಪ ಊದಿರುತ್ತದೆ, ಶೂ ಒಳಗೆ ಹೋಗುವುದು ಆ ಪಾದವೇ. ಕೂರಿಸಿ ಅಳೆಯಬೇಡಿ, ಭಾರ ಬಿಟ್ಟು ನಿಲ್ಲಿಸಿ ಅಳೆಯಿರಿ. ಎರಡೂ ಕಾಲು ಅಳೆಯಿರಿ, ಒಂದು ಇನ್ನೊಂದಕ್ಕಿಂತ ದೊಡ್ಡದಿರುವುದು ಸಾಮಾನ್ಯ. ಉದ್ದದ ಜೊತೆಗೆ ಬೆರಳ ಬುಡದ ಅಗಲ, ಪಾದದ ಮೇಲ್ಭಾಗದ ಎತ್ತರ, ಹಿಮ್ಮಡಿಯ ಅಗಲ ಬರೆದುಕೊಳ್ಳಿ. ಆಮೇಲೆ ಅವರು ಹಾಕಿ ಸವೆಸಿದ ಹಳೆಯ ಜೊತೆಯೊಂದನ್ನು ಕೇಳಿ ಪಡೆದು ತಿರುಗಿಸಿ ನೋಡಿ. ಅಟ್ಟೆಯ ಯಾವ ಅಂಚು ಸವೆದಿದೆ, ಒಳಗಿನ ಬಟ್ಟೆ ಎಲ್ಲಿ ಹರಿದಿದೆ ಎನ್ನುವುದರಲ್ಲಿ ಸಿಗುವ ಮಾಹಿತಿ ಏಜೆಂಟು ಕಳಿಸುವ ನಲವತ್ತು ಪುಟದ ಬಣ್ಣದ ಪುಸ್ತಿಕೆಯಲ್ಲಿ ಸಿಗುವುದಿಲ್ಲ. ಹಿಂದೆ ಯಾವ ಗಾಯವಾಗಿತ್ತು ಎಂದೂ ಕೇಳಿ. ಮುಜುಗರ ಬೇಡ, ನೀವು ಮಾರುತ್ತಿರುವುದು ಶೂ.

ಬಳಿಕ ಮೂರು ವಾರ ಮಾದರಿ ಶೂ ಕೊಟ್ಟು ಸುಮ್ಮನಿರಿ. ಕ್ಯಾಮೆರಾ ಬೇಡ, ಕರಾರಿನ ಮಾತು ಬೇಡ. ಮೂರು ವಾರದ ನಂತರ ಶೂ ವಾಪಸು ಕೇಳಿ. "ತುಂಬಾ ಚೆನ್ನಾಗಿದೆ ಮೇಡಂ" ಎಂಬ ಮಾತಿನ ಜೊತೆ ಅಟ್ಟೆ ಮಿರಿಮಿರಿ ಮಿಂಚುವ ಶೂ ಬಂದರೆ ಅಲ್ಲಿಗೆ ಮುಗಿಯಿತು. ಕೊಳಕಾದ ಶೂ, ಬೈಗುಳದ ಪಟ್ಟಿ ಎರಡೂ ಬಂದರೆ ನಿಮ್ಮ ಅದೃಷ್ಟ. ಬೈಯುವವರು ಹಾಕಿ ಓಡಿದ್ದಾರೆ.

ಚಕ್ ಟೇಲರ್ ಹೆಸರು ಕನ್ವರ್ಸ್ ಶೂ ಮೇಲೆ ಇಷ್ಟು ಕಾಲ ನಿಂತದ್ದು ಹೇಗೆಂದು ಜನ ಬೆರಗಾಗುತ್ತಾರೆ. ಅವರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು, 1921ರಲ್ಲಿ ಸೇಲ್ಸ್‌ಮನ್ ಆಗಿ ಕನ್ವರ್ಸ್ ಸೇರಿದರು, ಊರೂರು ಸುತ್ತಿ ಶಾಲಾ ಹುಡುಗರಿಗೆ ಆಟ ಕಲಿಸುತ್ತ ಶೂ ಮಾರಿದರು. ಹೆಸರು ಶೂ ಮೇಲೆ ಬಂದದ್ದು ಸುಮಾರು ಹತ್ತು ವರ್ಷ ಕಳೆದ ಮೇಲೆ, 1930ರ ದಶಕದಲ್ಲಿ. ಅಡಿಡಾಸ್‌ನ ಸ್ಟಾನ್ ಸ್ಮಿತ್ ಶೂ ಕೂಡ ಮೊದಲು ಫ್ರಾನ್ಸಿನ ಟೆನಿಸ್ ಆಟಗಾರ ರಾಬರ್ಟ್ ಹೈಯೆ ಹೆಸರಲ್ಲಿತ್ತು. ಹೈಯೆ ಆಟ ಬಿಟ್ಟರು, ಹೆಸರು ಬದಲಾಯಿತು, ಬಿಳಿ ಶೂ ಉಳಿಯಿತು. ಇಂದು ಅದನ್ನು ಹಾಕುವ ಎಷ್ಟೋ ಮಂದಿಗೆ ಸ್ಮಿತ್ 1972ರ ವಿಂಬಲ್ಡನ್ ಗೆದ್ದವರು ಎಂಬುದೇ ಗೊತ್ತಿಲ್ಲ. ಶೂನಲ್ಲಿ ಹುರುಳಿದ್ದರೆ ಹೆಸರಿಗೆ ಅದು ಆಯುಷ್ಯ ಕೊಡುತ್ತದೆ.

ಮಾತುಕತೆಗೆ ಹೋಗುವಾಗ

ಹೆಸರನ್ನು ಸರಿಯಾಗಿ ಉಚ್ಚರಿಸಿ. ನಗಬೇಡಿ. 2013ರಲ್ಲಿ ನೈಕಿ ಕಂಪನಿಯವರು ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೆಫನ್ ಕರ್ರಿ ಜೊತೆ ಕರಾರು ಮುಂದುವರಿಸಲು ಕೂತಾಗ ಒಬ್ಬರು ಅವರ ಹೆಸರನ್ನೇ ತಪ್ಪಾಗಿ ಹೇಳಿದರು, ಪರದೆಯ ಮೇಲಿನ ಒಂದು ಪುಟದಲ್ಲಿ ಇನ್ನೊಬ್ಬ ಆಟಗಾರ ಕೆವಿನ್ ಡ್ಯುರಾಂಟ್ ಹೆಸರು ಹಾಗೇ ಉಳಿದಿತ್ತು ಎಂದು ವರದಿಯಾಗಿದೆ. ಬೇರೆಯವರಿಗೆ ಮಾಡಿದ್ದನ್ನೇ ತಂದು ತೋರಿಸಿದ್ದಾರೆ ಎಂದು ಯಾರಿಗಾದರೂ ಅನಿಸದೆ ಇರುತ್ತದೆಯೇ? ಕರ್ರಿ ಅಂಡರ್ ಆರ್ಮರ್ ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೆ ಬಂತು.

ಮನೆಯವರನ್ನು ಕಡೆಗಣಿಸಬೇಡಿ. 1984ರಲ್ಲಿ ಮೈಕೆಲ್ ಜೋರ್ಡನ್‌ಗೆ ಇಷ್ಟವಿದ್ದದ್ದು ಅಡಿಡಾಸ್. ನೈಕಿ ಮಾತು ಕೇಳಿಯಾದರೂ ಬಾ ಎಂದು ಅವರನ್ನು ವಿಮಾನ ಹತ್ತಿಸಿದ್ದು ತಾಯಿ ಡೆಲೋರಿಸ್. ಐದು ವರ್ಷಕ್ಕೆ, ವರ್ಷಕ್ಕೆ ಸುಮಾರು 5 ಲಕ್ಷ ಡಾಲರ್ ಲೆಕ್ಕದಲ್ಲಿ ಕರಾರಾಯಿತು. ಮೊದಲ ವರ್ಷವೇ ಏರ್ ಜೋರ್ಡನ್ ಮಾರಾಟ 10 ಕೋಟಿ ಡಾಲರ್ ದಾಟಿತು. ಈ ಕತೆ ಹೇಳಿ ನಿಮ್ಮನ್ನು ಹುರಿದುಂಬಿಸುವ ಏಜೆಂಟರು ಬಹಳ ಸಿಗುತ್ತಾರೆ. ಅವರಿಗೆ ಒಂದೇ ಮಾತು ಹೇಳಿ: ಆ ಹೆಸರಿನ ಜೊತೆ ಶೂ ವಿನ್ಯಾಸಕ ಪೀಟರ್ ಮೂರ್ ಇದ್ದರು, ಆಮೇಲೆ ಟಿಂಕರ್ ಹ್ಯಾಟ್‌ಫೀಲ್ಡ್ ಬಂದರು, ನಮ್ಮ ಹತ್ತಿರ ಯಾರಿದ್ದಾರೆ?

ಕರಾರಿನಲ್ಲಿ ಬರೆಸಬೇಕಾದ್ದು

ವಕೀಲರು ಎಲ್ಲ ನೋಡಿಕೊಳ್ಳುತ್ತಾರೆ ಎಂದು ಬಿಟ್ಟರೆ ಕೈ ಸುಟ್ಟುಕೊಳ್ಳುತ್ತೀರಿ. ವಕೀಲರಿಗೆ ಕಾನೂನು ಗೊತ್ತು, ಲಾಕರ್ ಕೋಣೆ ಗೊತ್ತಿಲ್ಲ.

"ಕಂಪನಿಯ ಶೂ ಧರಿಸತಕ್ಕದ್ದು" ಎಂದಷ್ಟೇ ಬರೆದರೆ ಟೇಪಿನ ಕತೆ ಮರುಕಳಿಸುತ್ತದೆ. ಎಲ್ಲಿ ಎಂದು ಬಿಡಿಸಿ ಬರೆಯಿರಿ: ಸ್ಪರ್ಧೆಯಲ್ಲಿ, ಅಭ್ಯಾಸದಲ್ಲಿ, ಪತ್ರಿಕಾಗೋಷ್ಠಿಯಲ್ಲಿ, ಪದಕ ವೇದಿಕೆಯ ಮೇಲೆ, ತಾವೇ ಹಾಕಿಕೊಳ್ಳುವ ಚಿತ್ರಗಳಲ್ಲಿ. ಪದಕ ವೇದಿಕೆ ಯಾಕೆಂದರೆ, 1992ರ ಬಾರ್ಸಿಲೋನಾದಲ್ಲಿ ಅಮೆರಿಕ ತಂಡದ ಮೇಲುಡುಪು ರೀಬಾಕ್‌ನದಾಗಿತ್ತು, ಜೋರ್ಡನ್ ನೈಕಿಯವರು. ಅವರು ರಾಷ್ಟ್ರಧ್ವಜವನ್ನು ಹೆಗಲ ಮೇಲಿಂದ ಇಳಿಬಿಟ್ಟು ರೀಬಾಕ್ ಲಾಂಛನ ಮುಚ್ಚಿ ನಿಂತರು. ಆ ಉಪಾಯ ನಿಮ್ಮ ಲಾಂಛನದ ಮೇಲೂ ಬೀಳಬಹುದು. ಇದರ ಜೊತೆಗೇ "ಶೂ ನೋವು ಕೊಟ್ಟರೆ ಇಷ್ಟು ದಿನದೊಳಗೆ ಲಿಖಿತವಾಗಿ ತಿಳಿಸಬೇಕು, ಇಷ್ಟು ದಿನದೊಳಗೆ ಕಂಪನಿ ಸರಿಪಡಿಸಬೇಕು, ಅಲ್ಲಿಯವರೆಗೆ ಲಾಂಛನವಿಲ್ಲದ ಬೇರೆ ಶೂ ಹಾಕಬಹುದು" ಎಂಬ ಷರತ್ತು ಹಾಕಿ. ನಾನು ಹಾಕಿಸಲು ಶುರುಮಾಡಿದ ಮೇಲೆ ಕದ್ದು ಹಾಕುವವರು ಕಡಿಮೆಯಾದರು.

ಶೂ ಬೇರೆ, ಬಟ್ಟೆ ಬೇರೆ ಎಂದು ಸ್ಪಷ್ಟವಾಗಿರಲಿ. ರೋಜರ್ ಫೆಡರರ್ 2018ರಲ್ಲಿ ಬಟ್ಟೆಗೆ ಯೂನಿಕ್ಲೊ ಜೊತೆ ಹೋದರು. ಆ ಕಂಪನಿ ಟೆನಿಸ್ ಶೂ ಮಾಡುವುದಿಲ್ಲ, ಹಾಗಾಗಿ ಪಾದ ಖಾಲಿ ಉಳಿಯಿತು. ಮರುವರ್ಷ ಸ್ವಿಟ್ಜರ್ಲೆಂಡಿನ ಆನ್ ಕಂಪನಿಯಲ್ಲಿ ತಮ್ಮ ಹಣ ಹೂಡಿ ಶೂ ರೂಪಿಸಲು ಕೂತರು. ಸಣ್ಣ ಕಂಪನಿಗಳಿಗೆ ಇದು ಒಳ್ಳೆಯ ದಾರಿ: ದೊಡ್ಡ ಮೊತ್ತ ಕೊಡಲಾಗದಿದ್ದರೆ ಪಾಲು ಕೊಡಿ. ಪಾಲು ಇದ್ದವರು ಟೇಪು ಅಂಟಿಸುವುದಿಲ್ಲ.

ಹಣ ಕಡಿತದ ಷರತ್ತನ್ನು ನಾನು ಬಹಳ ಹುಷಾರಾಗಿ ಓದುತ್ತೇನೆ. ಓಟದ ಕರಾರುಗಳಲ್ಲಿ, ರ‍್ಯಾಂಕಿಂಗ್ ಇಳಿದರೆ, ಇಷ್ಟು ಸ್ಪರ್ಧೆಗಳಲ್ಲಿ ಓಡದಿದ್ದರೆ ಹಣ ಕಡಿತ ಎಂದು ಬರೆಯುವ ರೂಢಿ. ಬಸುರಿ ಏನು ಮಾಡಬೇಕು? ಅಮೆರಿಕದ ಓಟಗಾರ್ತಿ ಅಲಿಸನ್ ಫೆಲಿಕ್ಸ್ 2019ರ ಮೇ ತಿಂಗಳಲ್ಲಿ ಬಹಿರಂಗವಾಗಿ ಬರೆದರು: ಹೊಸ ಕರಾರಿನ ಮಾತುಕತೆಯಲ್ಲಿ ನೈಕಿ ಮೊದಲಿಗಿಂತ ಶೇ 70ರಷ್ಟು ಕಡಿಮೆ ಕೊಡಲು ಮುಂದಾಗಿತ್ತು, ಹೆರಿಗೆಯ ಆಸುಪಾಸಿನ ತಿಂಗಳುಗಳಲ್ಲಿ ಓಟ ತಗ್ಗಿದರೆ ಶಿಕ್ಷೆಯಿಲ್ಲ ಎಂಬ ಭರವಸೆ ಕೇಳಿದರೆ ಕೊಡಲಿಲ್ಲ. ಅದೇ ಆಗಸ್ಟ್‌ನಲ್ಲಿ ನೈಕಿ ನೀತಿ ಬದಲಿಸಿ 18 ತಿಂಗಳ ರಕ್ಷಣೆ ಕೊಟ್ಟಿತು. ಅಷ್ಟರಲ್ಲಿ ಫೆಲಿಕ್ಸ್ ಹೊರಗೆ ನಡೆದಿದ್ದರು. 2021ರ ಟೋಕಿಯೊದಲ್ಲಿ ತಮ್ಮದೇ ಕಂಪನಿ ಸೇಶ್‌ನ ಸ್ಪೈಕ್ ಹಾಕಿ ಓಡಿ ಒಂದು ಕಂಚು, ಒಂದು ಚಿನ್ನ ಗೆದ್ದರು. ಕರಾರು ಬರೆಯುವಾಗಲೇ ಎರಡು ಸಾಲು ಸೇರಿಸಿದ್ದರೆ ಆ ಶೂ ಯಾರದಾಗಿರುತ್ತಿತ್ತು ಯೋಚಿಸಿ.

ತಾರೆ ಮಾನಗೆಟ್ಟಂತೆ ನಡೆದರೆ ಕರಾರು ಮುರಿಯುವ ಷರತ್ತು ಎಲ್ಲರೂ ಹಾಕುತ್ತಾರೆ. ಮರೆಯುವುದು ಅದರ ಮುಂದಿನ ಸಾಲನ್ನು: ಕರಾರು ಮುರಿದ ದಿನ ಗೋಡೌನಿನಲ್ಲಿರುವ ಶೂ ಏನಾಗಬೇಕು? 2022ರ ಅಕ್ಟೋಬರ್‌ನಲ್ಲಿ ಅಡಿಡಾಸ್ ಗಾಯಕ ಕಾನ್ಯೆ ವೆಸ್ಟ್ ಜೊತೆ ಸಂಬಂಧ ಕಡಿದುಕೊಂಡಾಗ ಅವರ ಜೊತೆ ತಂದಿದ್ದ ಯೀಜಿ ಶೂಗಳ ರಾಶಿ ಹಾಗೇ ಉಳಿಯಿತು. ಅದನ್ನು ಮಾರದಿದ್ದರೆ 120 ಕೋಟಿ ಯೂರೋ ವರಮಾನ ಖೋತಾ ಎಂದು 2023ರ ಫೆಬ್ರವರಿಯಲ್ಲಿ ಕಂಪನಿಯೇ ಹೇಳಿಕೊಂಡಿತು. ಕೊನೆಗೆ ಕಂತು ಕಂತಾಗಿ ಮಾರಿ ಒಂದು ಭಾಗ ದಾನ ಮಾಡಿದರು. ಹೆಸರು ತೆಗೆದು ಅದೇ ವಿನ್ಯಾಸ ಮಾರುವ ಹಕ್ಕು ಯಾರದು, ಮಾರಾಟಕ್ಕೆ ಎಷ್ಟು ತಿಂಗಳ ಗಡುವು, ಆ ಅವಧಿಯ ರಾಯಲ್ಟಿ ಯಾರಿಗೆ ಎಂದು ಸಂಬಂಧ ಚೆನ್ನಾಗಿರುವಾಗಲೇ ಬರೆದುಬಿಡಿ. ಸಾವಿನ ಮಾತನ್ನೂ ಎತ್ತಿ, ಅಪಶಕುನ ಅಂದುಕೊಳ್ಳಬೇಡಿ. ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ 2020ರಲ್ಲಿ ತೀರಿಕೊಂಡರು, ಮರುವರ್ಷ ನೈಕಿ ಕರಾರು ಮುಗಿಯಿತು, 2022ರ ಮಾರ್ಚ್‌ನಲ್ಲಿ ಕುಟುಂಬದವರ ಜೊತೆ ಹೊಸದು ಆಗುವವರೆಗೆ ಆ ಹೆಸರಿನ ಶೂಗಳ ಕತೆ ನಿಂತೇ ಇತ್ತು.

ಆಟದ ನಿಯಮ ಓದದೆ ಶೂ ಹಾಕಿಸಬೇಡಿ

ಎನ್‌ಬಿಎ 1985ರಲ್ಲಿ ಜೋರ್ಡನ್‌ರ ಕೆಂಪು-ಕಪ್ಪು ಶೂಗೆ ಆಕ್ಷೇಪಿಸಿತು, ನೈಕಿ ಅದನ್ನೇ ಜಾಹೀರಾತು ಮಾಡಿಕೊಂಡು ಗೆದ್ದಿತು. (ನಿಜಕ್ಕೂ ಆಕ್ಷೇಪ ಬಂದದ್ದು ಏರ್ ಶಿಪ್ ಎಂಬ ಬೇರೆ ಮಾದರಿಗೆ ಎಂದು ಶೂ ಹುಚ್ಚರು ಇಂದಿಗೂ ಜಗಳವಾಡುತ್ತಾರೆ.) ಆದರೆ ಓಟದಲ್ಲಿ ಹೀಗೆ ಆಟವಾಡಲು ಹೋಗಬೇಡಿ. ಅಲ್ಲಿ ದಂಡ ಕಟ್ಟಿ ಪಾರಾಗಲು ಆಗದು, ಫಲಿತಾಂಶವೇ ಹೋಗುತ್ತದೆ. 2020ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟದ ಶೂ ಅಟ್ಟೆಗೆ 40 ಮಿಲಿಮೀಟರ್ ಮಿತಿ ಹಾಕಿತು. 2021ರ ವಿಯೆನ್ನಾ ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ದೆರಾರಾ ಹುರಿಸಾ ಮೊದಲಿಗರಾಗಿ ಗುರಿ ಮುಟ್ಟಿದರು, ಸ್ವಲ್ಪ ಹೊತ್ತಿಗೆ ಅನರ್ಹರಾದರು. ಅರ್ಜಿಯಲ್ಲಿ ಬರೆದದ್ದು ಒಂದು ಶೂ, ಹಾಕಿದ್ದು ಅಭ್ಯಾಸದ ಇನ್ನೊಂದು, ಅದರ ಅಟ್ಟೆ 50 ಮಿಲಿಮೀಟರ್. ಅಭ್ಯಾಸದ ಶೂ, ಸ್ಪರ್ಧೆಯ ಶೂ ಎರಡೂ ಒಂದೇ ಬಣ್ಣದಲ್ಲಿದ್ದರೆ ಹೀಗಾಗುತ್ತದೆ. ನಾನು ಅಭ್ಯಾಸದ ಶೂಗೆ ಬೇರೆ ಬಣ್ಣದ ಲೇಸು ಹಾಕಿಸುತ್ತೇನೆ, ಖರ್ಚಿಲ್ಲದ ಉಪಾಯ.

ಜಾಹೀರಾತಿನಲ್ಲಿ ಏನು ಹೇಳಿಸಬೇಕು

ಆದಷ್ಟು ಕಡಿಮೆ. ಶೂ ಏನೋ ಮಾಡುತ್ತಿರುವುದು ಕಂಡರೆ ಸಾಕು. 1970ರ ವಿಶ್ವಕಪ್‌ನಲ್ಲಿ ಪೆಲೆ ಆಟ ಶುರುವಾಗುವ ಮುನ್ನ ಬಗ್ಗಿ ಲೇಸು ಕಟ್ಟಿಕೊಂಡರು, ಜಗತ್ತಿನ ಕ್ಯಾಮೆರಾಗಳು ಪ್ಯೂಮಾ ಶೂ ಮೇಲೆ ನಿಂತವು. 1991ರಲ್ಲಿ ಎನ್‌ಬಿಎಯ ಡಂಕ್ (ಜಿಗಿದು ಚೆಂಡನ್ನು ಬುಟ್ಟಿಗೆ ತುರುಕುವ) ಸ್ಪರ್ಧೆಯಲ್ಲಿ ಡೀ ಬ್ರೌನ್ ಜಿಗಿಯುವ ಮುನ್ನ ರೀಬಾಕ್ ಶೂ ಮೇಲಿನ ಪಂಪ್ ಒತ್ತಿ ಗಾಳಿ ತುಂಬಿಕೊಂಡರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2023ರ ಬರ್ಲಿನ್. ಇಥಿಯೋಪಿಯಾದ ತಿಗಿಸ್ಟ್ ಅಸೆಫಾ 2:11:53ರಲ್ಲಿ ಮಹಿಳೆಯರ ಮ್ಯಾರಥಾನ್ ವಿಶ್ವದಾಖಲೆ ಮಾಡಿ, ಕಾಲಲ್ಲಿದ್ದ 138 ಗ್ರಾಂ ತೂಕದ ಅಡಿಡಾಸ್ ಶೂ ಕಳಚಿ ಮೇಲೆತ್ತಿ ಹಿಡಿದರು. ಮೂವರಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.

ಮಾತು ಹೆಚ್ಚಾದಾಗ ಏನಾಗುತ್ತದೆ ನೋಡಿ. ಹಾಕಿ ನಡೆದರೆ ಸಾಕು, ಮೈ ಬಿಗಿಯಾಗುತ್ತದೆ, ತೂಕ ಇಳಿಯುತ್ತದೆ ಎಂದು ಸ್ಕೆಚರ್ಸ್ ತನ್ನ ಶೇಪ್-ಅಪ್ಸ್ ಶೂಗಳನ್ನು ಕಿಮ್ ಕರ್ದಾಶಿಯನ್‌ರಂಥ ತಾರೆಯರಿಂದ ಮಾರಿಸಿತು. ಈ ಮಾತಿಗೆ ಆಧಾರವಿಲ್ಲ ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಹಿಡಿದುಕೊಂಡಿತು, 2012ರಲ್ಲಿ ಕಂಪನಿ 4 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಜಾಹೀರಾತಿನಲ್ಲಿ ಶೂ ಹೊಗಳಿದ ಚಿಕಿತ್ಸಕರ ಹೆಂಡತಿ ಅದೇ ಕಂಪನಿಯ ಮಾರ್ಕೆಟಿಂಗ್ ಅಧಿಕಾರಿ ಎಂಬುದೂ ಆರೋಪದಲ್ಲಿತ್ತು. ಹಿಂದಿನ ವರ್ಷ ರೀಬಾಕ್ ಇಂಥದೇ ಈಸಿಟೋನ್ ಶೂಗೆ 2.5 ಕೋಟಿ ಡಾಲರ್ ತೆತ್ತಿತ್ತು. ಆದ್ದರಿಂದ ತಾರೆಯ ಬಾಯಲ್ಲಿ ಹಾಕುವ ಪ್ರತಿ ವಾಕ್ಯದ ಪಕ್ಕ "ಪುರಾವೆ ಎಲ್ಲಿದೆ?" ಎಂಬ ಅಂಕಣ ಇಡಿ. ಖಾಲಿ ಉಳಿದ ವಾಕ್ಯ ಹೊಡೆದುಹಾಕಿ. ಹಣ ಪಡೆದು ಹೇಳುತ್ತಿದ್ದೇನೆ ಎಂದು ಕಾಣುವಂತೆ ಬರೆಸಿ. ಮತ್ತು ಜಾಹೀರಾತು ಓಡುವಷ್ಟು ಕಾಲ ಅವರು ಆ ಶೂ ಹಾಕುತ್ತಲೇ ಇರಬೇಕು.

ಕೆಟ್ಟ ದಿನಕ್ಕೆ

1992ರಲ್ಲಿ ರೀಬಾಕ್ ಡ್ಯಾನ್ ಓಬ್ರಿಯನ್, ಡೇವ್ ಜಾನ್ಸನ್ ಎಂಬ ಇಬ್ಬರು ಡೆಕಾಥ್ಲಾನ್ (ಹತ್ತು ಸ್ಪರ್ಧೆಗಳ ಆಟ) ಪಟುಗಳನ್ನು ಎದುರುಬದುರು ನಿಲ್ಲಿಸಿ, ಯಾರು ಮೇಲು ಎಂಬುದು ಬಾರ್ಸಿಲೋನಾದಲ್ಲಿ ತೀರ್ಮಾನವಾಗಲಿದೆ ಎಂದು ತಿಂಗಳುಗಟ್ಟಲೆ ಸಾರಿತು. ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಓಬ್ರಿಯನ್ ಪೋಲ್ ವಾಲ್ಟ್‌ನ ಆರಂಭದ ಎತ್ತರವನ್ನೇ ಮೂರು ಯತ್ನದಲ್ಲೂ ದಾಟಲಿಲ್ಲ. ಬಾರ್ಸಿಲೋನಾದಲ್ಲಿ ಸ್ಪರ್ಧಿಸಲೇ ಇಲ್ಲ. ಜಾನ್ಸನ್ ಬಿರುಕುಬಿಟ್ಟ ಪಾದದಲ್ಲೇ ಆಡಿ ಕಂಚು ತಂದರು. ಇದರಲ್ಲಿ ಯಾರ ನಡತೆಯೂ ಕೆಟ್ಟಿರಲಿಲ್ಲ, ಕೆಟ್ಟದ್ದು ಜಾಹೀರಾತಿನ ವಾಕ್ಯ. ಇನ್ನೂ ನಡೆಯದ ಫಲಿತಾಂಶದ ಮೇಲೆ ಜಾಹೀರಾತು ಕಟ್ಟಬೇಡಿ. ಗೆದ್ದರೆ ಒಂದು, ಸೋತರೆ ಒಂದು, ಆಡಲೇ ಆಗದಿದ್ದರೆ ಒಂದು, ಮೂರೂ ಮುಂಚೆಯೇ ಚಿತ್ರೀಕರಿಸಿ ಇಡಿ.

ಶೂನೇ ಕೈಕೊಟ್ಟರೆ? 2019ರ ಫೆಬ್ರವರಿಯಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಜಿಯಾನ್ ವಿಲಿಯಮ್ಸನ್ ಕಾಲಿನ ನೈಕಿ ಶೂ ಆಟ ಶುರುವಾಗಿ ನಿಮಿಷ ತುಂಬುವ ಮೊದಲೇ ಸೀಳಿತು, ಮೊಣಕಾಲು ಉಳುಕಿತು, ಮರುದಿನ ಕಂಪನಿಯ ಷೇರು ಕೊಂಚ ಇಳಿಯಿತು. ಅದೇ ಜುಲೈನಲ್ಲಿ ಅವರು ಸಹಿ ಹಾಕಿದ್ದು ನೈಕಿಯ ಜೋರ್ಡನ್ ಬ್ರಾಂಡ್‌ಗೆ! ಸಹಿಗೆ ಕಾರಣಗಳು ಹಲವು ಇರಬಹುದು. ನನ್ನ ಪಾಡಿಗೆ ನಾನು, ಶೂ ಹರಿದ ದಿನ ಯಾರು ಮೊದಲು ಆಟಗಾರನ ಮನೆಗೆ ಹೋಗಬೇಕು ಎಂದು ಹೆಸರು ಬರೆದು ಇಟ್ಟಿರುತ್ತೇನೆ. ಪತ್ರಿಕಾ ಹೇಳಿಕೆ ಆಮೇಲೆ.

ಕೊನೆಗೆ, ಎಷ್ಟು?

ಲೆಕ್ಕ ಹೀಗೆ ಹಾಕಿ. ಒಂದು ಜೊತೆ ಮಾರಿದರೆ ನಿಮಗೆ ಉಳಿಯುವುದು 10 ಡಾಲರ್ ಅನ್ನೋಣ. ತಾರೆಗೆ 1 ಲಕ್ಷ. ಆ ಮುಖವನ್ನು ಜನರಿಗೆ ತೋರಿಸಲು ಕನಿಷ್ಠ ಅದರ ಎರಡರಷ್ಟು ಬೇಕು, ಅದು 2 ಲಕ್ಷ. ಬಂಡವಾಳ ವಾಪಸಾಗಲು 30,000 ಜೊತೆ ಮಾರಬೇಕು, ಅದೂ ಈಗ ಮಾರುತ್ತಿರುವುದರ ಮೇಲೆ ಹೆಚ್ಚುವರಿಯಾಗಿ. ಬಹಳಷ್ಟು ಕಂಪನಿಗಳು ಮೊದಲ ಲಕ್ಷವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಸಹಿಯ ದಿನ ಫೋಟೊ ತೆಗೆಸಿ, ತೋರಿಸಲು ಹಣವಿಲ್ಲದೆ ಕೂರುತ್ತವೆ. ಖಾತರಿ ಮೊತ್ತ ಕಡಿಮೆ ಮಾಡಿ ಪ್ರತಿ ಜೊತೆಗೆ ರಾಯಲ್ಟಿ ಕೊಡಿ. ಲೆಕ್ಕ ಪರಿಶೀಲಿಸುವ ಹಕ್ಕನ್ನು ಆಟಗಾರರಿಗೆ ನೀವಾಗಿಯೇ ಕೊಡಿ, ಕೇಳಿಸಿಕೊಂಡು ಕೊಡುವುದಕ್ಕಿಂತ ಅದು ಚೆಂದ. ಎಲ್ಲವನ್ನೂ ಒಂದೇ ಸಲ ಸುರಿಯಬೇಕೆಂದೂ ಇಲ್ಲ. ರೀಬಾಕ್ 2001ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಅಲೆನ್ ಐವರ್ಸನ್ ಜೊತೆ ಜೀವಮಾನದ ಕರಾರು ಮಾಡಿದಾಗ, ಅವರಿಗೆ 55 ತುಂಬಿದ ಮೇಲಷ್ಟೇ ಕೈಗೆ ಸಿಗುವಂಥ ದೊಡ್ಡ ಮೊತ್ತವೊಂದನ್ನು ಟ್ರಸ್ಟಿನಲ್ಲಿ ಇಟ್ಟಿದೆ ಎಂದು ವರದಿಗಳಿವೆ.

ಮೂವತ್ತು ಸಾವಿರ ಜೊತೆ ಕನಸಿನ ಮಾತು ಅನಿಸಿದರೆ ಈ ವರ್ಷ ತಾರೆಯ ಗೋಜೇ ಬೇಡ. ನಲವತ್ತು ಮಂದಿ ತರಬೇತುದಾರರ ಪಾದ ಅಳೆದು, ಅವರವರ ಅಗಲಕ್ಕೆ ಸರಿಹೊಂದುವ ಶೂ ಮಾಡಿಸಿ ಕೊಡಿ. ಮೂರು ವಾರ ಬಿಟ್ಟು ಹೋಗಿ ಅಟ್ಟೆ ತಿರುಗಿಸಿ ನೋಡಿ.